ಸ್ಟಾಫ್ ಅಂತ ಕರೆದು ಓಟಿ ನುಂಗೋ ಲೆಕ್ಕ

2018ರಲ್ಲಿ ನಾನು ಪೀಣ್ಯದ ಒಂದು ಮಷೀನ್ ಶಾಪಲ್ಲಿ ಕ್ವಾಲಿಟಿ ಸೆಕ್ಷನ್‌ನಲ್ಲಿದ್ದೆ. ಡೆಸಿಗ್ನೇಷನ್ ಜೂನಿಯರ್ ಆಫೀಸರ್, ಕೈಲಿ ವರ್ನಿಯರ್, ಇಡೀ ದಿನ ಪಾರ್ಟ್ ಅಳೆಯೋದೇ ಕೆಲ್ಸ, ಕೆಳಗೆ ಒಬ್ಬ ಹುಡುಗನೂ ಇಲ್ಲ, ಯಾರಿಗೂ ರಜಾ ಕೊಡೋ ಪವರ್ರೂ ಇಲ್ಲ. ಆದ್ರೂ 'ಸ್ಟಾಫ್'. ಅಮ್ಮ ಊರಲ್ಲೆಲ್ಲ ಮಗ ಆಫೀಸರ್ ಅಂತ ಹೇಳ್ಕೊಂಡು ಬಂದಿದ್ಲು, ಆ ಖುಷೀಲಿ ನಾನೂ ಸಂಬಳದ ಸ್ಲಿಪ್ ಸರಿಯಾಗಿ ನೋಡಿರ್ಲಿಲ್ಲ.

ಶನಿವಾರ ಡಿಸ್ಪ್ಯಾಚ್ ಇದ್ರೆ ನಾಲ್ಕು ಗಂಟೆ ಜಾಸ್ತಿ, ತಿಂಗಳಿಗೆ 16 ಗಂಟೆ. ಕೈಗೆ ಬರ್ತಿದ್ದ ಓಟಿ, ಅಂದ್ರೆ ಓವರ್‌ಟೈಮ್ ದುಡ್ಡು, 800 ರೂಪಾಯಿ! ಗ್ರಾಸ್, ಅಂದ್ರೆ ಒಟ್ಟು ಸಂಬಳ 24,000, ಅದ್ರಲ್ಲಿ ಬೇಸಿಕ್ಕು ಡಿಎ (ತುಟ್ಟಿಭತ್ಯೆ) ಸೇರಿ 12,000. ಇವ್ರು ಆ 12,000ನ 30 ದಿನಕ್ಕೆ ಭಾಗಿಸಿ, ಆಮೇಲೆ 8 ಗಂಟೆಗೆ ಭಾಗಿಸಿ ಗಂಟೆಗೆ 50 ಅಂತ ಸಿಂಗಲ್ ರೇಟ್ ಹಾಕ್ತಿದ್ರು. ಆಗಿನ ಫ್ಯಾಕ್ಟರೀಸ್ ಆಕ್ಟ್ 59ನೇ ಸೆಕ್ಷನ್ ಪ್ರಕಾರ ದಿನಕ್ಕೆ 9 ಅಥವಾ ವಾರಕ್ಕೆ 48 ಗಂಟೆ ದಾಟಿದ್ರೆ ಡಬಲ್, ಅದೂ ಬೇಸಿಕ್ ಜೊತೆ ಅಲೋವೆನ್ಸೂ ಸೇರಿಸಿ, ಬೋನಸ್ಸು ಓಟಿ ಮಾತ್ರ ಬಿಟ್ಟು. ಪೂರ್ತಿ 24,000ನ ವಾರದ ರಜಾ ಬಿಟ್ಟು 26 ದಿನಕ್ಕೆ ಭಾಗಿಸಿ ಡಬಲ್ ಹಾಕಿದ್ರೆ ನಂಗೆ ಸಿಗ್ಬೇಕಾಗಿದ್ದು ಸುಮಾರು 3,692.

ಕೇಳಿದ್ದಕ್ಕೆ ಎಚ್ಆರ್ ಮೇಡಂ, "ಏನ್ರೀ, ಸ್ಟಾಫ್ ಆಗಿ ವರ್ಕರ್ ಥರ ಡಬಲ್ ಕೇಳ್ತೀರಲ್ರೀ" ಅಂದ್ರು. ಈ ಮಾತಲ್ಲೇ ಇರೋದು ಮೋಸ. ತಿಂಗಳ ಸಂಬಳ ಅಂದ ಮಾತ್ರಕ್ಕೆ ಓಟಿ ಹಕ್ಕು ಹೋಗಲ್ಲ ಸ್ವಾಮಿ. ನಿಜವಾಗ್ಲೂ ಸೂಪರ್‌ವೈಸ್ ಮಾಡೋರಿಗೆ ವಿನಾಯಿತಿ ಇರ್ಬಹುದು, ಆದ್ರೆ ಅದನ್ನ ನೋಡೋದು ಮಾಡೋ ಕೆಲ್ಸದಿಂದ, ವಿಸಿಟಿಂಗ್ ಕಾರ್ಡಿಂದ ಅಲ್ಲ.

ಈಗ 2025 ನವೆಂಬರ್ 21ರಿಂದ ಲೇಬರ್ ಕೋಡ್ ಬಂದು 'ವೇತನ' ಅನ್ನೋದರ ಅರ್ಥನೇ ಬದಲಾಗಿದೆ, ಎಚ್ಆರ್‌ಎ (ಮನೆ ಬಾಡಿಗೆ ಭತ್ಯೆ), ಕನ್ವೇಯನ್ಸ್ (ಓಡಾಟದ ಭತ್ಯೆ) ಹೊರಗೆ. ಆದ್ರೆ ಹೀಗೆ ಹೊರಗಿಡೋ ಭಾಗ ಒಟ್ಟು ಸಂಬಳದ ಅರ್ಧಕ್ಕಿಂತ ಜಾಸ್ತಿ ಆದ್ರೆ ಅರ್ಧ ದಾಟಿದಷ್ಟನ್ನ ವೇತನಕ್ಕೇ ಸೇರಿಸ್ಬೇಕು, ಅಂದ್ರೆ ಬೇಸಿಕ್ ಚಿಕ್ಕದಾಗಿ ತೋರಿಸೋ ಆಟ ಅಷ್ಟು ಸುಲಭ ಇಲ್ಲ. ಡಬಲ್ ಅನ್ನೋದಂತೂ ಹಾಗೇ ಇದೆ. ಹಾಗಾಗಿ ನನ್ನ ಪ್ರಕಾರ ಜಗಳ ಮಾಡೋಕೆ ಮುಂಚೆ ಯಾವ ಮೊತ್ತ, ಎಷ್ಟರಿಂದ ಭಾಗ, ಸಿಂಗಲ್ಲೋ ಡಬಲ್ಲೋ ಅಂತ ಈಮೇಲಲ್ಲಿ ಕೇಳಿ, ಬಾಯಲ್ಲಿ ಕೇಳಿದ್ರೆ ಬಾಯಲ್ಲೇ ಮುಗಿಯತ್ತೆ. ಪಂಚಿಂಗ್ ಟೈಮ್ ನಿಮ್ಮ ಡೈರೀಲೂ ಬರ್ಕೊಳ್ಳಿ.

ನಾನು ಮೇಲ್ ಹಾಕಿದ್ಮೇಲೆ, ಕಾರ್ಖಾನೆ ಮತ್ತು ಬಾಯ್ಲರ್ ಇಲಾಖೆಗೂ ಬರೀತೀನಿ ಅಂದ್ಮೇಲೆ, ಆ ತಿಂಗಳಿಂದ ಡಬಲ್ ಬಂತು. ಹಳೇ ಬಾಕಿ ಬರ್ಲಿಲ್ಲ, ನಾನೂ ಸುಮ್ನಾದೆ, ತಪ್ಪು ನಂದೇ. ಅದರ ಮುಂದಿನ ತಿಂಗಳು ಶನಿವಾರದ ಲಿಸ್ಟಲ್ಲಿ ನನ್ನ ಹೆಸರೇ ಇರ್ಲಿಲ್ಲ, ಐದೂವರೆ ಬಸ್ಸಿಗೆ ಆರಾಮಾಗಿ ಮನೆಗೆ ಹೋಗ್ತಿದ್ದೆ.