ನಮ್ಮೂರಿನ ಪಿನ್ ಕೋಡನ್ನು ಬಿಡಿಸಿದಾಗ

ಕಾಸರಗೋಡು ಪೇಟೆಯ ಪಿನ್ ಕೋಡ್ 671121. 1972ರ ಆಗಸ್ಟ್ 15ರಂದು ಪಿನ್ ಕೋಡ್ ಜಾರಿಗೆ ಬಂದಾಗ ಕೇರಳ, ತಮಿಳುನಾಡುಗಳ ಪಾಲಿಗೆ 6 ಬಂತು. ಗಡಿಯ ತಲಪಾಡಿ ದಾಟಿ ಕರ್ನಾಟಕಕ್ಕೆ ಹೋದರೆ ಮೊದಲ ಅಂಕಿ 5 ಆಗುತ್ತದೆ. ಇಷ್ಟು ವರ್ಷ ವಿಳಾಸದ ಕೊನೆಯಲ್ಲಿ ಬರೆಯುತ್ತ ಬಂದ ಈ ಆರು ಅಂಕಿಗಳನ್ನು ಒಂದು ಸಂಖ್ಯೆಯಾಗಿ ನಾನು ನೋಡಿದ್ದು ಕಳೆದ ವಾರ, ಎಂಟನೇ ತರಗತಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದುವ ತಂಗಿಯ ಮಗಳು ಅಂಚೆಯ ಲಕೋಟೆಯೊಂದನ್ನು ಹಿಡಿದು ಬಂದು, "ಮಾವ, ಇದು ಅವಿಭಾಜ್ಯವೋ?" ಎಂದು ಕೇಳಿದಾಗ.

ಒಂದರಿಂದ ಮತ್ತು ತನ್ನಿಂದಲೇ ಹೊರತು ಬೇರಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದ್ದು ಅವಿಭಾಜ್ಯ. ಲಕೋಟೆಯ ಹಿಂಬದಿಯಲ್ಲೇ ಲೆಕ್ಕಕ್ಕೆ ಕುಳಿತೆವು. ಅಂಕಿಗಳ ಮೊತ್ತ 18, ಹಾಗಾಗಿ 9ರಿಂದ ಭಾಗವಾಗುತ್ತದೆ ಎಂದು ಅವಳೇ ಹೇಳಿದಳು. ಎರಡೆರಡು ಅಂಕಿಗಳಾಗಿ ಬಿಡಿಸಿ ಕೂಡಿಸಲು ಹೇಳಿದೆ: 67, 11, 21, ಒಟ್ಟು 99. ನೂರನ್ನು 99ರಿಂದ ಭಾಗಿಸಿದರೆ ಶೇಷ 1 ಉಳಿಯುವುದರಿಂದ, ಜೋಡಿಗಳ ಮೊತ್ತ 99 ಬಂದರೆ ಇಡೀ ಸಂಖ್ಯೆಯೂ 99ರಿಂದ ನಿಶ್ಶೇಷವಾಗಿ ಭಾಗವಾಗಲೇಬೇಕು. ಭಾಗಲಬ್ಧ 6779.

ನಿಜವಾದ ಕೆಲಸ ಇದ್ದದ್ದು ಇಲ್ಲಿ. 6779ರ ವರ್ಗಮೂಲ 82ಕ್ಕಿಂತ ತುಸು ಹೆಚ್ಚು. ಸಂಖ್ಯೆ ಒಡೆಯುವುದಾದರೆ ಅದರ ಒಂದು ಅವಿಭಾಜ್ಯ ಭಾಜಕವಾದರೂ ವರ್ಗಮೂಲದೊಳಗೆ ಇರಲೇಬೇಕು. ಆದ್ದರಿಂದ 82ರೊಳಗಿನ 22 ಅವಿಭಾಜ್ಯಗಳಿಂದ ಮಾತ್ರ ಭಾಗಿಸಿ ನೋಡಿದರೆ ಸಾಕು. 13ರಿಂದ ಭಾಗಿಸಿದಾಗ 6 ಉಳಿಯಿತು, 37ರಿಂದ 8, ಕೊನೆಯ 79ರಿಂದ 64. ಅವಳು ಪೆನ್ಸಿಲ್ ಕೆಳಗಿಟ್ಟು, "ಹಾಗಾದರೆ ಇದು ಅವಿಭಾಜ್ಯವೇ" ಎಂದಳು. ಅದರಾಚೆಯ 6781 ಕೂಡ ಅವಿಭಾಜ್ಯವೆಂದು ಕಂಡುಕೊಂಡಾಗ, ಎರಡರ ಅಂತರದಲ್ಲಿರುವ ಅವಳಿ ಅವಿಭಾಜ್ಯಗಳ ಒಂದು ಜೋಡಿಯೇ ನಮ್ಮ ಕೈಗೆ ಸಿಕ್ಕಿತ್ತು.

ಹೀಗೆ 671121 ಎಂದರೆ 3ರ ವರ್ಗ, 11 ಮತ್ತು 6779ರ ಗುಣಲಬ್ಧ. ಅದಕ್ಕೆ 12 ಭಾಜಕಗಳಿವೆ. ಆ ಸಂಖ್ಯೆಯನ್ನೇ ಬಿಟ್ಟು ಉಳಿದ ಭಾಜಕಗಳ ಮೊತ್ತ 386559, ಅಂದರೆ ಸಂಖ್ಯೆಗಿಂತ ಕಡಿಮೆ; ಇಂಥದ್ದನ್ನು ನ್ಯೂನ ಸಂಖ್ಯೆ ಎನ್ನುತ್ತೇವೆ. 6, 28, 496ರಂತೆ ಮೊತ್ತ ಸರಿಸಮವಾದರೆ ಪರಿಪೂರ್ಣ, ಮೀರಿದರೆ ಅಧಿಕ. ಬೆಸ ಸಂಖ್ಯೆಗಳಲ್ಲಿ ಮೊದಲ ಅಧಿಕ ಸಂಖ್ಯೆ ಸಿಗಬೇಕಾದರೆ 945ರವರೆಗೆ ಕಾಯಬೇಕು. ಬೆಸ ಪರಿಪೂರ್ಣ ಸಂಖ್ಯೆಯೊಂದು ಇದೆಯೋ ಇಲ್ಲವೋ ಎಂಬುದು ಇಂದಿಗೂ ಬಗೆಹರಿದಿಲ್ಲ.

ಪಿನ್ ಕೋಡ್ ಬರಿಯ ಗುರುತು, ಅದಕ್ಕೇಕೆ ಗಣಿತ ಎಂದು ಕೆಲವರು ಕೇಳಬಹುದು. ಆದರೆ ಸಂಖ್ಯೆಯ ರೂಪವನ್ನು ನೋಡಿ ಸಂತೋಷಪಡುವುದು ನಮ್ಮ ನಾಡಿಗೆ ಹೊಸದಲ್ಲ: ರಾಷ್ಟ್ರಕೂಟರ ಕಾಲದ ಗಣಿತಜ್ಞ ಮಹಾವೀರಾಚಾರ್ಯ 12345654321ನ್ನು ಒಂದರಿಂದ ಆರರವರೆಗೆ ಹೋಗಿ ಮತ್ತೆ ಕ್ರಮವಾಗಿ ಇಳಿಯುವ ಸಂಖ್ಯೆಯೆಂದು ವರ್ಣಿಸಿದ್ದಾನೆ. ಅದು 111111ರ ವರ್ಗ.

ಕನ್ನಡದಲ್ಲಿ ಕಲಿತ ನಮ್ಮ ಮಕ್ಕಳಿಗೆ ಪ್ಲಸ್ ವನ್‌ಗೆ, ಅಂದರೆ ಹನ್ನೊಂದನೇ ತರಗತಿಗೆ, ಹೋದೊಡನೆ ಪದಗಳೆಲ್ಲ ಇಂಗ್ಲಿಷಿಗೆ ತಿರುಗುತ್ತವೆ. ‘ಅವಿಭಾಜ್ಯ’ ಎಂಬ ಪದ ತನ್ನ ಅರ್ಥವನ್ನು ತಾನೇ ಹೇಳುತ್ತದೆ. ಆ ಅರ್ಥ ಮನಸ್ಸಿಗೆ ಇಳಿಯಬೇಕಾದದ್ದು ಅದಕ್ಕೂ ಮೊದಲು. ಆದ್ದರಿಂದ ಇಲ್ಲಿನ ಕನ್ನಡ ಮಾಧ್ಯಮದ ಅಧ್ಯಾಪಕರಲ್ಲಿ ನನ್ನ ಕೋರಿಕೆ: ಇಪ್ಪತ್ತು ಸಣ್ಣ ಲೆಕ್ಕಗಳ ಬದಲು ಒಂದು ಪಿರಿಯಡ್ ಪೂರ್ತಿ ಇಂಥ ಒಂದೇ ದೊಡ್ಡ ಸಂಖ್ಯೆಯನ್ನು, ಕ್ಯಾಲ್ಕುಲೇಟರ್ ಇಲ್ಲದೆ, ಮಕ್ಕಳ ಕೈಗೆ ಕೊಟ್ಟು ನೋಡಿ.