ಹತ್ತೊಂಬತ್ತು ಜನರ ಕುಟುಂಬ, ಇಪ್ಪತ್ತಾರು ಟೀ ಶರ್ಟ್

ನಮ್ಮ ಕಾರ್ಖಾನೆಯಲ್ಲಿ ಕೆಲಸ ಮಾಡುವವರು 26 ಜನ. ಹಾಜರಿ ಪುಸ್ತಕದಲ್ಲಿ ಇರುವವರು 19. ಪುಸ್ತಕ ಬರೆಯುವವನು ನಾನೇ, ಹಾಗಾಗಿ ಎರಡೂ ಲೆಕ್ಕ ಬಾಯಿಪಾಠ.

ಹುಬ್ಬಳ್ಳಿಯ ಗೋಕುಲ ರೋಡ್ ಕಡೆ ಇಂಥ ಸಣ್ಣ ಕಾರ್ಖಾನೆಗಳು ಬೇಕಾದಷ್ಟಿವೆ. ನಾವು ಪಂಪು, ವಾಲ್ವುಗಳ ಬಿಡಿಭಾಗ ಮಾಡುತ್ತೇವೆ. ನಾಲ್ಕು ಲೇಥು, ಎರಡು ಡ್ರಿಲ್ಲಿಂಗ್ ಮಷಿನ್ನು, ಮೂಲೆಯಲ್ಲಿ ವೆಲ್ಡಿಂಗು, ಅದರ ಮೇಲೆ ಸಿದ್ಧಾರೂಢರ ಫೋಟೋ. ಹತ್ತು ಜನ ಇದ್ದರೆ ಇಎಸ್‌ಐ, ಅಂದರೆ ಕಾರ್ಮಿಕರ ದವಾಖಾನೆ ವಿಮೆ ಕಟ್ಟಬೇಕು. 20 ಆದರೆ ಪಿಎಫ್, ಅಂದರೆ ಭವಿಷ್ಯ ನಿಧಿ. ಕಾನೂನು ತಲೆ ಎಣಿಸು ಅನ್ನುತ್ತದೆ. ನಾವು ಪುಸ್ತಕದ ಸಾಲು ಎಣಿಸುತ್ತೇವೆ. 19ನೇ ಸಾಲಿಗೆ ಬಂದ ಕೂಡಲೇ ನನ್ನ ಪೆನ್ನಿನ ಮಸಿ ತಾನಾಗಿಯೇ ಮುಗಿಯುತ್ತದೆ. ಉಳಿದ ಏಳು ಜನರಿಗೆ ನಮ್ಮಲ್ಲಿ ‘ಬಂದು ಹೋಗುವವರು’ ಎಂದು ಹೆಸರು. ಅವರಲ್ಲಿ ಲೇಥ್ ಕಾಕಾ ಒಬ್ಬರು. ಬಂದು 14 ವರ್ಷ ಆಯಿತು. ಇನ್ನೂ ಹೋಗಿಲ್ಲ.

ಎಲ್ಲಾ ಸರಿಯಾಗಿಯೇ ನಡೆದಿತ್ತು. ಹೋದ ವರ್ಷ ನಮ್ಮ ಸಾವ್ಕಾರ್ರು ಬೆಂಗಳೂರಿಗೆ ಹೋಗಿ ಎರಡು ದಿನದ ಒಂದು ಸೆಮಿನಾರಿನಲ್ಲಿ ಕೂತು ಬಂದರು. ಹೋಗುವಾಗ ನಾವು ‘ಹುಡುಗ್ರು’ ಆಗಿದ್ದೆವು. ಬರುವಷ್ಟರಲ್ಲಿ ‘ಟೀಮ್’ ಆಗಿದ್ದೆವು. ಚಹಾ ತರುವ ಹುಡುಗನಿಗೂ ‘ಟೀಮ್ ಮೆಂಬರ್’ ಅಂದರು. ಅವನು ಪಗಾರ ಎಷ್ಟು ಜಾಸ್ತಿ ಆಯಿತು ಅಂತ ನನ್ನ ಹತ್ತಿರ ಕೇಳಲು ಬಂದ.

ಈಗ ಊರ ತುಂಬ ಇದೇ ಗಾಳಿ ಬಿಡಿ. ದುರ್ಗದಬೈಲಿನ ಬಟ್ಟೆ ಅಂಗಡಿಯಿಂದ ಹಿಡಿದು ತಾರಿಹಾಳದ ಫ್ಯಾಕ್ಟರಿವರೆಗೆ ಎಲ್ಲರಿಗೂ ಟೀಮ್ ಕಟ್ಟಬೇಕಾಗಿದೆ. ಮೂರು ಜನ ಇರುವ ಝೆರಾಕ್ಸ್ ಅಂಗಡಿಯಲ್ಲೂ ‘ವಿಷನ್, ಮಿಷನ್’ ಅಂತ ಬೋರ್ಡ್ ಹಾಕಿದ್ದಾರೆ. ಆ ಅಂಗಡಿಯಲ್ಲಿ ನಿಜವಾಗಿ ಬೇಕಾಗಿರುವುದು ಚಿಲ್ಲರೆ.

ನಮ್ಮಲ್ಲೂ ಗೋಡೆಗೆ ಬೋರ್ಡ್ ಬಂತು. ‘ಬಾಸ್ ಆಗಬೇಡ, ಲೀಡರ್ ಆಗು.’ ನಮ್ಮೂರಲ್ಲಿ ಲೀಡರ್ ಅಂದರೆ ಅರ್ಥವೇ ಬೇರೆ. ಚೆನ್ನಮ್ಮ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಮೇಲೆ ಕೈಮುಗಿದು ನಿಂತಿರುತ್ತಾರಲ್ಲ, ಅವರು. ವೆಲ್ಡರ್ ಹುಡುಗ ಬೋರ್ಡ್ ಓದಿ, “ಸಾವ್ಕಾರ್ರು ಕಾರ್ಪೊರೇಷನ್ ಇಲೆಕ್ಷನ್ನಿಗೆ ನಿಂದ್ರತಾರೇನ್ರೀ?” ಎಂದು ಗುಟ್ಟಾಗಿ ಕೇಳಿದ.

ಆಮೇಲೆ ತರಬೇತಿ. ಕಲಘಟಗಿ ರೋಡಿನ ಒಂದು ರೆಸಾರ್ಟ್, ಭಾನುವಾರ, ಬೆಳಿಗ್ಗೆ ಒಂಬತ್ತಕ್ಕೆ. ಭಾನುವಾರ ವಾರದ ರಜೆ ಅಲ್ವಾ ಅಂತ ಯಾರೋ ಅಂದಾಗ ಸಾವ್ಕಾರ್ರ ಉತ್ತರ ರೆಡಿ ಇತ್ತು: “ರಜಾ ದಿನ ಕುಟುಂಬದ ಜೋಡಿ ಕಳೀಬೇಕು. ನಾವೆಲ್ಲಾ ಒಂದ ಕುಟುಂಬ.”

ಇದಕ್ಕೆ ಲೇಥ್ ಕಾಕಾ ತಲೆ ಕೆರೆದುಕೊಂಡು, “ಹಂಗಾರ ವಾಟ್ನಿ ಯಾವಾಗ್ರೀ?” ಎಂದರು. ತಪ್ಪೇನಿಲ್ಲ. ಈ ಭಾಗದಲ್ಲಿ ಕುಟುಂಬ ಎಂಬ ಮಾತು ಬಂದರೆ ಅದರ ಹಿಂದೆಯೇ ವಾಟ್ನಿಯ, ಅಂದರೆ ಆಸ್ತಿ ಪಾಲಿನ ಮಾತೂ ಬರುತ್ತದೆ. ಧಾರವಾಡದ ಕೋರ್ಟಿಗೆ ಹೋಗಿ ನೋಡಿ, ಎಷ್ಟು ಕುಟುಂಬಗಳು ಒಗ್ಗಟ್ಟಾಗಿ ವರಾಂಡದಲ್ಲಿ ಕೂತಿರುತ್ತವೆ ಅಂತ.

ರೆಸಾರ್ಟಿನಲ್ಲಿ 26 ಟೀ ಶರ್ಟ್ ಹಂಚಿದರು. ಕಿತ್ತಳೆ ಬಣ್ಣ. ಬೆನ್ನ ಮೇಲೆ ‘ಒಂದು ತಂಡ, ಒಂದು ಗುರಿ’. ನಮ್ಮ ಕಂಪನಿ 26 ಎಂಬ ಅಂಕಿಯನ್ನು ಬಿಲ್ಲಿನಲ್ಲಿ ಒಪ್ಪಿಕೊಂಡದ್ದು ಅದೇ ಮೊದಲು. ನಾನು ಆ ಬಿಲ್ಲನ್ನು ಎರಡು ಸಲ ನೋಡಿದೆ.

ಟ್ರೈನರ್ ಕಪ್ಪು ಕೋಟು, ಕಿವಿಗೆ ಮೈಕು. ಮೊದಲ ಪಾಠ ತಂಡ ಹೇಗೆ ಬೆಳೆಯುತ್ತದೆ ಎಂಬುದು. 1965ರಲ್ಲಿ ಬ್ರೂಸ್ ಟಕ್‌ಮನ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞ ನಾಲ್ಕು ಹಂತ ಹೇಳಿದ್ದಾನಂತೆ. ಫಾರ್ಮಿಂಗ್, ಸ್ಟಾರ್ಮಿಂಗ್, ನಾರ್ಮಿಂಗ್, ಪರ್ಫಾರ್ಮಿಂಗ್. ಮೊದಲು ಕೂಡುವುದು, ಆಮೇಲೆ ಜಗಳ, ಆಮೇಲೆ ಹೊಂದಾಣಿಕೆ, ಕೊನೆಗೆ ಕೆಲಸ. ಟ್ರೈನರ್ ಇದನ್ನು ಇಂಗ್ಲಿಷಿನಲ್ಲಿ ಹೇಳಿ, “ನಿಮ್ಮ ಅನುಭವ ಶೇರ್ ಮಾಡಿ” ಎಂದು ಕಾಕಾನ ಮುಂದೆ ಮೈಕ್ ಹಿಡಿದರು.

“ನಮ್ಮದು ಮೂರು ಎಕರೆ ಇತ್ರೀ,” ಎಂದರು ಕಾಕಾ. “ಫಾರ್ಮಿಂಗ್ ಮಾಡಿದ್ವಿ. ಮ್ಯಾಲೆ ಸ್ಟಾರ್ಮಿಂಗ್ ಬಂತು. ಬೆಳಿ ನೆಲಕ್ಕ ಮಲಗಿತು. ಪರ್ಫಾರ್ಮಿಂಗ್ ಆಗಲೇ ಇಲ್ರೀ. ಅದಕ್ಕ ಇಲ್ಲಿ ಬಂದೀನಿ.”

ಟ್ರೈನರ್ ಚಪ್ಪಾಳೆ ಹೊಡೆದರು. ಎಲ್ಲರೂ ಹೊಡೆದೆವು. ಟಕ್‌ಮನ್ 1977ರಲ್ಲಿ ಐದನೇ ಹಂತ ಸೇರಿಸಿದ, ತಂಡ ಕೆಲಸ ಮುಗಿಸಿ ಚದುರುವುದು. ಅದನ್ನು ನಾನು ಆಮೇಲೆ ಮೊಬೈಲಿನಲ್ಲಿ ಓದಿಕೊಂಡೆ. ನಮ್ಮ ಬಂದು ಹೋಗುವ ಏಳು ಜನ ಕಾಗದದ ಮೇಲೆ ದಿನಾ ಸಂಜೆ ಆ ಹಂತ ಮುಗಿಸಿ ಮನೆಗೆ ಹೋಗುತ್ತಾರೆ.

ಮುಂದಿನ ಸ್ಲೈಡು ಹಕ್ಕಿಯದು. ಇಂಥ ತರಬೇತಿಗಳಲ್ಲಿ ಹಕ್ಕಿ ಇರಲೇಬೇಕು. ಕೆನಡಾದ ಹೆಬ್ಬಾತುಗಳು ಇಂಗ್ಲಿಷಿನ ವಿ ಅಕ್ಷರದ ಹಾಗೆ ಸಾಲು ಕಟ್ಟಿ ಹಾರುವ ಫೋಟೋ. ಮುಂದಿನ ಹಕ್ಕಿ ಗಾಳಿ ಸೀಳುತ್ತದೆ, ಹಿಂದಿನವಕ್ಕೆ ಹಾರಾಟ ಸುಲಭವಾಗುತ್ತದೆ. ಇದು ನಿಜವೇ. ಆದರೆ ಅದಕ್ಕೆ ಕೆನಡಾಕ್ಕೆ ಯಾಕೆ ಹೋಗಬೇಕು ಹೇಳಿ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬಂದು ಇಳಿಯುತ್ತವೆ. 2024ರಲ್ಲಿ ಆ ಕೆರೆಗೆ ರಾಮ್‌ಸಾರ್ ಪಟ್ಟವೂ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶ ಎಂಬ ಮಾನ್ಯತೆಯೂ ಸಿಕ್ಕಿತು. ಕಾಕಾ ಶಿರಹಟ್ಟಿ ಕಡೆಯವರು. ಆ ಹಕ್ಕಿಗಳ ತಂಡಸ್ಫೂರ್ತಿ ಅವರಿಗೆ ಹೊಲದ ಕಡೆಯಿಂದ ಗೊತ್ತು.

“ಹೌದ್ರೀ, ಭಾಳ ಒಗ್ಗಟ್ಟಿನ ಹಕ್ಕಿ. ಎಲ್ಲಾ ಕೂಡಿ ಬಂದು ಶೇಂಗಾ ತಿಂತಾವ.”

ಟ್ರೈನರ್ ಬಿಡಲಿಲ್ಲ. “ಮುಂದಿರುವ ಹಕ್ಕಿ ದಣಿದರೆ ಏನು ಮಾಡುತ್ತೆ ಗೊತ್ತಾ? ಹಿಂದಕ್ಕೆ ಬರುತ್ತೆ. ಇನ್ನೊಂದು ಮುಂದೆ ಹೋಗುತ್ತೆ. ಅದೇ ಲೀಡರ್‌ಶಿಪ್!”

ಕಾಕಾ ಸಾವ್ಕಾರ್ರನ್ನು ನೋಡಿದರು. ಆಮೇಲೆ ತಮ್ಮ ಹಿಂದೆ ಖಾಲಿ ಇದ್ದ ಕುರ್ಚಿಯನ್ನು ನೋಡಿದರು. ಮಾತಾಡಲಿಲ್ಲ. ಸಾವ್ಕಾರ್ರು ತಕ್ಷಣ ಚಹಾ ತರಿಸಿದರು.

ಚಹಾ ಆದಮೇಲೆ ಗೋಪುರ ಕಟ್ಟುವ ಆಟ. ಇದು ಜಗತ್ತಿನ ತುಂಬ ಆಡಿಸುವ ಆಟವಂತೆ. ನಾಲ್ಕು ಜನಕ್ಕೆ 20 ಸ್ಪಗೆಟ್ಟಿ ಕಡ್ಡಿ, ಒಂದಿಷ್ಟು ಟೇಪು, ಒಂದಿಷ್ಟು ದಾರ, ಮೇಲೆ ಇಡಲು ಒಂದು ಮಾರ್ಷ್‌ಮೆಲೊ. ಸಮಯ 18 ನಿಮಿಷ. ಇದರಲ್ಲಿ ಎಂಬಿಎ ಹುಡುಗರಿಗಿಂತ ಶಿಶುವಿಹಾರದ ಮಕ್ಕಳೇ ಎತ್ತರ ಕಟ್ಟುತ್ತಾರೆ ಎಂದು ಟ್ರೈನರ್ ಹೆಮ್ಮೆಯಿಂದ ಹೇಳಿದರು. ಹಾಗಿದ್ದರೆ ಶಿಶುವಿಹಾರದಿಂದಲೇ ಒಬ್ಬ ಟ್ರೈನರನ್ನು ಕರೆಸಬಹುದಿತ್ತಲ್ಲ ಎಂದು ನನಗೆ ಅನಿಸಿತು. ಖರ್ಚೂ ಕಡಿಮೆ, ಬಿಸ್ಕೀಟಿನಲ್ಲಿ ಮುಗಿಯುತ್ತಿತ್ತು.

ತೊಂದರೆ ಏನಾಯಿತೆಂದರೆ, ಸ್ಪಗೆಟ್ಟಿ ಇದ್ದ ಚೀಲ ಬೆಂಗಳೂರಿನಲ್ಲೇ ಉಳಿದಿತ್ತು. ರೆಸಾರ್ಟಿನ ಅಡುಗೆಮನೆಯಲ್ಲಿ ಸಿಕ್ಕಿದ್ದು ಶಾವಿಗೆ. ಮಾರ್ಷ್‌ಮೆಲೊ ಬದಲು ಧಾರವಾಡ ಪೇಡೆ. ಮನೆಯಲ್ಲಿ ಹೊಸೆದ ಶಾವಿಗೆಯನ್ನು ನೋಡಿದವರಿಗೆ ಗೊತ್ತು, ಅದು ತನ್ನ ಭಾರವನ್ನೇ ಹೊರುವುದಿಲ್ಲ. ಅದರ ಮೇಲೆ ಪೇಡೆ ಇಡುವುದೆಂದರೆ ಸೈಕಲ್ ಮೇಲೆ ಚಿಗರಿ ಬಸ್ಸು ನಿಲ್ಲಿಸಿದ ಹಾಗೆ. ಹತ್ತು ನಿಮಿಷದಲ್ಲಿ ಐದು ಗೋಪುರ ಬಿದ್ದವು. ಆರನೇ ಗುಂಪಿನಲ್ಲಿ ಚಹಾ ಹುಡುಗ ಇದ್ದ. ಅವನು ಕೊನೆಯ ನಿಮಿಷದಲ್ಲಿ ಪೇಡೆಯನ್ನು ಬಾಯಿಗೆ ಹಾಕಿಕೊಂಡು, ಅದರ ಕಾಗದವನ್ನು ಮಾತ್ರ ಮೇಲೆ ಇಟ್ಟ. ಗೋಪುರ ನಿಂತಿತು.

“ಔಟ್ ಆಫ್ ದಿ ಬಾಕ್ಸ್ ಥಿಂಕಿಂಗ್!” ಎಂದು ಟ್ರೈನರ್ ಕೂಗಿದರು.

“ಇಲ್ರೀ ಸರ್, ಬಾಕ್ಸಿನ್ಯಾಗಿಂದ ತಗೊಂಡಿದ್ದು,” ಎಂದು ಹುಡುಗ ಬಾಯಿ ಒರೆಸಿಕೊಂಡ.

ಮಧ್ಯಾಹ್ನ ಹಗ್ಗ ಜಗ್ಗಾಟ, ಆ ಕಡೆ 13, ಈ ಕಡೆ 13. ಒಗ್ಗಟ್ಟಿನ ಬಲ ತೋರಿಸಲು ಅಂತೆ. ಮ್ಯಾಕ್ಸ್ ರಿಂಗೆಲ್ಮಾನ್ ಎಂಬ ಫ್ರಾನ್ಸಿನ ಕೃಷಿ ಇಂಜಿನಿಯರು ಇದೇ ಹಗ್ಗ ಜಗ್ಗಿಸಿ, ಅಳತೆ ಮಾಡಿ, 1913ರಲ್ಲಿ ಪ್ರಕಟಿಸಿದ್ದ. ಜನ ಹೆಚ್ಚಾದಷ್ಟೂ ಒಬ್ಬೊಬ್ಬರು ಹಾಕುವ ಬಲ ಕಡಿಮೆ ಆಗುತ್ತದೆ. ಎಂಟು ಜನ ಸೇರಿದಾಗ ಒಬ್ಬೊಬ್ಬರ ಪಾಲು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ನೂರು ವರ್ಷ ದಾಟಿದರೂ ಈ ಸುದ್ದಿ ರೆಸಾರ್ಟುಗಳಿಗೆ ಮುಟ್ಟಿಲ್ಲ. ನಮಗೆ ರಿಂಗೆಲ್ಮಾನನೂ ಬೇಕಿಲ್ಲ. ಶಿವರಾತ್ರಿ ಮರುದಿನ ಸಿದ್ಧಾರೂಢ ಮಠದ ತೇರಿಗೆ ಬಂದವರಿಗೆ ಗೊತ್ತು, ಹಗ್ಗ ಎಳೆಯುವವರು ಎಷ್ಟು ಜನ, ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವವರು ಎಷ್ಟು ಜನ ಅಂತ. ನಾನು ಎರಡನೇ ಪೈಕಿ. ರೆಸಾರ್ಟಿನಲ್ಲೂ ಅಷ್ಟೇ ಮಾಡಿದೆ.

ಕೊನೆಯದು ನಂಬಿಕೆಯ ಆಟ. ಕಣ್ಣು ಮುಚ್ಚಿ ಹಿಂದಕ್ಕೆ ಬೀಳಬೇಕು, ಹಿಂದೆ ನಿಂತ ತಂಡ ಹಿಡಿಯಬೇಕು. ವೆಲ್ಡರ್ ಬಿದ್ದ, ಹಿಡಿದೆವು. ನಾನು ಬಿದ್ದೆ, ಸ್ವಲ್ಪ ತಡವಾಗಿ ಹಿಡಿದರು. ಲೆಕ್ಕ ಬರೆಯುವವನ ಮೇಲೆ ಜನಕ್ಕೆ ಇರುವ ಪ್ರೀತಿಯೇ ಅಷ್ಟು. ಕಾಕಾನ ಸರದಿ ಬಂದಾಗ ಅವರು ಒಲ್ಲೆ ಅಂದರು.

“ತಂಡದ ಮೇಲೆ ನಂಬಿಕೆ ಇಲ್ವಾ ಕಾಕಾ?” ಟ್ರೈನರ್ ಕೇಳಿದರು.

“ತಂಡದ ಮ್ಯಾಲೆ ಐತ್ರೀ. ಬಿದ್ದು ಟೊಂಕಾ ಮುರದ್ರ ತೋರಸಾಕ ಇಎಸ್‌ಐ ಕಾರ್ಡ್ ಇಲ್ರೀ.”

ಸಾವ್ಕಾರ್ರು ನನ್ನ ಕಡೆ ನೋಡಿದರು. ನಾನು ಆಗಷ್ಟೇ ಬಿಚ್ಚಿದ ಬೂಟಿನ ಲೇಸು ಕಟ್ಟಿಕೊಳ್ಳತೊಡಗಿದೆ.

ಬಿದ್ದರೆ ಹಿಡಿಯುವ ವಿಷಯ ಬಂತಲ್ಲ, ಅದಕ್ಕೆ ಹೇಳುತ್ತೇನೆ. ನಮ್ಮ ಕಾರ್ಖಾನೆಯಲ್ಲಿ ಒಂದು ಭಿಶಿ ನಡೆಯುತ್ತದೆ. 26 ಜನ, ತಿಂಗಳಿಗೆ 500. ಪಗಾರದ ದಿನ ಊಟದ ಹೊತ್ತಿನಲ್ಲಿ ಚೀಟಿ ಎತ್ತುತ್ತಾರೆ, 13,000 ಒಬ್ಬರ ಕೈಗೆ. ಮನೆಯಲ್ಲಿ ಯಾರಾದರೂ ದವಾಖಾನೆಯಲ್ಲಿದ್ದರೆ ಚೀಟಿ ಎತ್ತುವುದಿಲ್ಲ, ಸುಮ್ನೆ ಅವರಿಗೇ ಕೊಡುತ್ತಾರೆ. 26 ತಿಂಗಳಿಗೆ ಒಂದು ಸುತ್ತು. ಈಗ ಮೂರನೇ ಸುತ್ತು ನಡೆದಿದೆ. ಒಬ್ಬರೂ ಒಂದು ಕಂತೂ ತಪ್ಪಿಸಿಲ್ಲ. ನಡೆಸುವವರು ಲೇಥ್ ಕಾಕಾ. ಒಂದು ಹಳೆ ಡೈರಿಯಲ್ಲಿ ಲೆಕ್ಕ ಬರೆಯುತ್ತಾರೆ, ಅದರಲ್ಲಿ 26 ಹೆಸರೂ ಇವೆ. ನಮ್ಮ ಎರಡು ಪುಸ್ತಕಗಳಲ್ಲಿ ನಿಜ ಹೇಳುವುದು ಅದೊಂದೇ.

ಇದು ಟ್ರೈನರಿಗೆ ಗೊತ್ತಾಗಲಿಲ್ಲ. ಸಾವ್ಕಾರ್ರಿಗೂ ಗೊತ್ತಿಲ್ಲ. “ನಿಮ್ಮ ತಂಡದ ಲೀಡರ್ ಯಾರು?” ಎಂದು ಟ್ರೈನರ್ ಕೂಗಿ ಕೇಳಿದಾಗ ಎಲ್ಲರೂ ಸರಿಯಾಗಿಯೇ ಸಾವ್ಕಾರ್ರ ಕಡೆ ಕೈ ತೋರಿಸಿದೆವು. ಪಗಾರ ಏಳನೇ ತಾರೀಕಿಗೆ ಆಗಬೇಕಲ್ಲ.

ಬಿಲ್ಲು ಮರುದಿನ ಬಂತು. ತರಬೇತಿಗೆ 36,000, ಅದರ ಮೇಲೆ 18% ಜಿಎಸ್‌ಟಿ 6,480. ಸ್ಫೂರ್ತಿಗೆ ಕಟ್ಟಿದ ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ ಸಿಗುತ್ತದೆ, ಊಟಕ್ಕೆ ಕಟ್ಟಿದ್ದು ಸಿಗುವುದಿಲ್ಲ. ಇದನ್ನು ಕೇಳಿ ಸಾವ್ಕಾರ್ರು, ಮುಂದಿನ ಸಲ ಊಟ ಕಡಿಮೆ ಮಾಡಿ ಸ್ಫೂರ್ತಿ ಜಾಸ್ತಿ ಮಾಡೋಣ ಎಂದರು. ನಾನು ಸುಮ್ಮನಿರದೆ ಬಿಲ್ಲಿನ ಹಿಂದೆ ಇನ್ನೊಂದು ಲೆಕ್ಕ ಬರೆದು ನೋಡಿದೆ. ಪಗಾರ 15,000 ಹಿಡಿದರೆ ಪಿಎಫ್‌ಗೆ ಮಾಲೀಕರ ಪಾಲು 12%, ಅಂದರೆ 1,800. 20 ಜನಕ್ಕೆ 36,000. ಅದು ಇಡೀ ತಿಂಗಳಿನದು. ಟ್ರೈನರ್ ಒಂದೇ ಭಾನುವಾರದಲ್ಲಿ ಮುಗಿಸಿದರು. ಬರೆದದ್ದನ್ನು ಹೊಡೆದುಹಾಕಿ ಬಿಲ್ಲು ಫೈಲಿಗೆ ಹಾಕಿದೆ. ಪುಸ್ತಕದಲ್ಲಿ ನನ್ನ ಸಾಲು ಏಳನೆಯದು. ಅದು ಹಾಗೇ ಇರಲಿ ಅನ್ನುವ ಆಸೆ ನನಗೂ ಇದೆ.

ಆ ದಿನದ ಗುಂಪು ಫೋಟೋವನ್ನು ಸಾವ್ಕಾರ್ರು ಆರು ಅಡಿ ಅಗಲ ಪ್ರಿಂಟ್ ಹಾಕಿಸಿ ಆಫೀಸಿನ ಗೋಡೆಗೆ ಹೊಡೆಸಿದರು. ನಡುವೆ ಅವರು, ಪಕ್ಕದಲ್ಲಿ ‘ಬೆಸ್ಟ್ ಟೀಮ್ ಪ್ಲೇಯರ್’ ಕಪ್ಪು ಹಿಡಿದ ಲೇಥ್ ಕಾಕಾ. ಹೌದು, ಕಪ್ಪು ಅವರಿಗೇ ಬಂತು. ಫಾರ್ಮಿಂಗ್ ಮಾತು ಟ್ರೈನರಿಗೆ ಅಷ್ಟು ಹಿಡಿಸಿತ್ತು.

ಮಾರ್ಚಿನಲ್ಲಿ ಆಡಿಟರ್ ಬಂದರು. ಚಹಾ ಕುಡಿಯುತ್ತಾ ಫೋಟೋ ನೋಡಿದರು. ತುಟಿ ಅಲ್ಲಾಡುತ್ತಿತ್ತು. ಎಣಿಸುತ್ತಿದ್ದರು.

“ನಿಮ್ಮನ್ನ, ಆ ಕೋಟಿನವರನ್ನ ಬಿಟ್ಟು ಇಪ್ಪತ್ತಾರು ಅದಾರಲ್ರೀ?”

“ಟೀಮ್ ಸರ್,” ಎಂದರು ಸಾವ್ಕಾರ್ರು.

“ಪಿಎಫ್ ಆಫೀಸಿನವರು ಬಂದ್ರ ಅವರೂ ಚಹಾ ಕುಡೀತಾರ್ರೀ. ಅವರಿಗೂ ಎಣಿಸಾಕ ಬರ್ತೈತಿ.”

ಆಡಿಟರ್ ಹೋದಮೇಲೆ ಸಾವ್ಕಾರ್ರು ನನ್ನನ್ನು ಕರೆದು, ಫೋಟೋ ಕತ್ತರಿಸಿ 19 ಮಾಡು ಎಂದರು. ಸ್ಕೇಲು ಹಿಡಿದು ನೋಡಿದೆ. ಎಡತುದಿಯಿಂದ ಕತ್ತರಿಸಿದರೆ ಪುಸ್ತಕದಲ್ಲಿ ಇರುವ ಮೂವರು ಹೋಗುತ್ತಾರೆ. ಬಲತುದಿಯಲ್ಲಿ ನಾನೇ ಇದ್ದೇನೆ. ಬಂದು ಹೋಗುವವರೆಲ್ಲ ನಟ್ಟನಡುವೆ ಕೂತುಬಿಟ್ಟಿದ್ದಾರೆ. ಕಾಕಾನನ್ನು ತೆಗೆದರೆ ಅವರ ಹೆಗಲ ಮೇಲಿರುವ ಸಾವ್ಕಾರ್ರ ಕೈಯೂ ಹೋಗುತ್ತದೆ.

ಕಡೆಗೆ ಗದಗಿನಲ್ಲಿ ಅಚ್ಚಾದ ಒಂದು ದೊಡ್ಡ ಕ್ಯಾಲೆಂಡರ್ ತಂದು ಫೋಟೋದ ನಡುವೆ ತೂಗುಹಾಕಿದೆವು. ಈಗ ಎರಡು ತುದಿಗೆ ಕಿತ್ತಳೆ ಬಣ್ಣದ ಜನ, ನಡುವೆ ಅಮಾವಾಸ್ಯೆ, ಹುಣ್ಣಿಮೆ, ರಾಹುಕಾಲ.

ಏಳನೇ ತಾರೀಕು ಪಗಾರಕ್ಕೆ ಕಾಕಾ ಒಳಗೆ ಬರುತ್ತಾರೆ. ಅವರದು ಲಕೋಟೆ, ಸಹಿ ಇಲ್ಲ. ದುಡ್ಡು ಎಣಿಸಿ ಜೇಬಿಗೆ ಇಟ್ಟುಕೊಂಡು, ಗೋಡೆಯ ಹತ್ತಿರ ಹೋಗಿ ಕ್ಯಾಲೆಂಡರಿನ ಕೆಳತುದಿ ಸ್ವಲ್ಪ ಎತ್ತಿ ನೋಡುತ್ತಾರೆ.

“ಏನ್ ನೋಡ್ತೀರಿ ಕಾಕಾ?” ಎಂದೆ ಹೋದ ತಿಂಗಳು.

“ಅದೀನಿ,” ಎಂದು ಕ್ಯಾಲೆಂಡರ್ ಇಳಿಬಿಟ್ಟು ಲೇಥಿನ ಕಡೆ ಹೋದರು.