ಥ್ರಾಷರ್ ಮೇಲಿನ ಎರಡು ಬಾಂಬು ಮತ್ತು 'ಶತ್ರುವಿನ ಎದುರು' ಎಂಬ ಮಾತು

ನಮ್ಮ ಶೌರ್ಯ ಪದಕಗಳಲ್ಲಿ ಎರಡು ಸಾಲು. ಪರಮವೀರ ಚಕ್ರ, ಮಹಾವೀರ ಚಕ್ರ, ವೀರ ಚಕ್ರ ಶತ್ರುವಿನ ಎದುರು ತೋರಿದ ಸಾಹಸಕ್ಕೆ. ಅಶೋಕ ಚಕ್ರ, ಕೀರ್ತಿ ಚಕ್ರ, ಶೌರ್ಯ ಚಕ್ರ ಉಳಿದ ಸಾಹಸಕ್ಕೆ. ಬ್ರಿಟನ್ನಿನಲ್ಲೂ ಹೀಗೇ, ವಿಕ್ಟೋರಿಯಾ ಕ್ರಾಸ್ ಒಂದು ಕಡೆ, ಜಾರ್ಜ್ ಕ್ರಾಸ್ ಇನ್ನೊಂದು ಕಡೆ. ನೆಲದ ಯುದ್ಧಕ್ಕೆ ಈ ಗೆರೆ ಹೊಂದುತ್ತದೆ. ಸಬ್‌ಮರೀನಿಗೆ ಹೊಂದುವುದಿಲ್ಲ ಎನ್ನುವುದು ನನ್ನ ಖಚಿತ ಅಭಿಪ್ರಾಯ.

1942ರ ಫೆಬ್ರವರಿ 16, ಕ್ರೀಟ್ ದ್ವೀಪದ ಉತ್ತರ ಕರಾವಳಿ. ಬ್ರಿಟಿಷ್ ಸಬ್‌ಮರೀನ್ ಥ್ರಾಷರ್ ಶತ್ರುವಿನ ಸರಕು ಹಡಗೊಂದನ್ನು ಹೊಡೆದಿತ್ತು. ಪ್ರತಿಯಾಗಿ ಡೆಪ್ತ್ ಚಾರ್ಜ್‌ಗಳೂ (ನೀರಿನಾಳದಲ್ಲಿ ಸಿಡಿಯುವ ಬಾಂಬು) ವಿಮಾನದ ಬಾಂಬುಗಳೂ ಬಿದ್ದವು. ರಾತ್ರಿ ಮೇಲೆದ್ದಾಗ ನೋಡಿದರೆ, ಸಿಡಿಯದ ಎರಡು ಬಾಂಬುಗಳು ಸಬ್‌ಮರೀನಿನ ಮೇಲೆಯೇ ಕೂತಿವೆ.

ಇಲ್ಲಿ ರಚನೆ ತಿಳಿದಿರಬೇಕು. ನೀರಿನ ಒತ್ತಡ ತಡೆಯುವುದು ಒಳಗಿನ ದಪ್ಪ ಕವಚ. ಅದರ ಮೇಲೆ ನಡೆದಾಡಲು ತೆಳು ಲೋಹದ ಕೇಸಿಂಗ್ ಇರುತ್ತದೆ. ಮುಳುಗಿದ ಕ್ಷಣ ಕೇಸಿಂಗ್‌ನೊಳಗೆ ನೀರು ನುಗ್ಗುತ್ತದೆ, ಅದನ್ನು ಮಾಡಿರುವುದೇ ಹಾಗೆ. ಮೊದಲ ಬಾಂಬು ಹೊರಗಿತ್ತು, ಎತ್ತಿ ಸಮುದ್ರಕ್ಕೆ ಬಿಟ್ಟರು. ಎರಡನೆಯದು ಕೇಸಿಂಗ್ ತೂರಿ ಒಳಗೆ ಸಿಕ್ಕಿಕೊಂಡಿತ್ತು. ಲೆಫ್ಟಿನೆಂಟ್ ರಾಬರ್ಟ್ಸ್ ಮತ್ತು ಪೆಟಿ ಆಫೀಸರ್ ಗೌಲ್ಡ್ ಮೈ ಚಾಚಿ ಮಲಗಿ ತೆವಳಿಕೊಂಡೇ ಒಳಗೆ ಹೋದರು. ಗೌಲ್ಡ್ ಅಂಗಾತ ಮಲಗಿ ಬಾಂಬನ್ನು ಅಪ್ಪಿಕೊಂಡರು. ರಾಬರ್ಟ್ಸ್, ಗೌಲ್ಡ್ ಅವರ ಭುಜ ಹಿಡಿದು ಎಳೆದರು. ಸುಮಾರು 20 ಅಡಿ ದೂರ. ಬಾಂಬು ಅಲುಗಿದಾಗಲೆಲ್ಲ ಮುರಿದ ಸ್ಪ್ರಿಂಗಿನಂಥ ಟಂಯ್ ಸದ್ದು ಬರುತ್ತಿತ್ತು ಎಂದು ಪದಕದ ಸೈಟೇಶನ್ನಿನಲ್ಲೇ, ಅಂದರೆ ಪ್ರಶಸ್ತಿ ವಿವರದಲ್ಲೇ, ಬರೆದಿದೆ. ಆಗ ಶತ್ರುವಿನ ಗಸ್ತು ಕಣ್ಣಿಗೆ ಬಿದ್ದಿದ್ದರೆ ಸಬ್‌ಮರೀನ್ ತಟ್ಟನೆ ಮುಳುಗಲೇಬೇಕಿತ್ತು, ಇವರಿಬ್ಬರು ಅಲ್ಲೇ ನೀರುಪಾಲು. ಅದು ಇಬ್ಬರಿಗೂ ಗೊತ್ತಿತ್ತು.

ಆದರೂ ತಕರಾರು ಎದ್ದಿತು. ಶತ್ರು ಎದುರಿಗೆ ಇರಲಿಲ್ಲವಲ್ಲ, ಜಾರ್ಜ್ ಕ್ರಾಸ್ ಕೊಡೋಣ ಎಂದರು ಲಂಡನ್ನಿನ ಪದಕ ಸಮಿತಿಯವರು. ಶತ್ರುವಿನ ಕರಾವಳಿಯಲ್ಲಿ ಶತ್ರುವಿನದೇ ಎರಡು ಬಾಂಬು ಮೈಮೇಲಿದ್ದ ಮೇಲೆ ಇನ್ಯಾವ ಶತ್ರು ಬೇಕು ಎನ್ನುವುದು ಮೆಡಿಟರೇನಿಯನ್ ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಕನಿಂಗ್‌ಹ್ಯಾಮ್ ಅವರ ವಾದ. ಅದೇ ಗೆದ್ದಿತು, ಇಬ್ಬರಿಗೂ ವಿಕ್ಟೋರಿಯಾ ಕ್ರಾಸ್ ಬಂತು.

1945ರ ಜುಲೈ 31ರದ್ದು ಇನ್ನೊಂದು. ಸಿಂಗಾಪುರದ ಬಳಿ ಜೊಹೋರ್ ಜಲಸಂಧಿಯಲ್ಲಿ ಜಪಾನಿನ ಯುದ್ಧನೌಕೆ, ಕ್ರೂಸರ್ ತಕಾವೊ ನಿಂತಿತ್ತು. ನಾಲ್ಕೇ ಜನರ ಪುಟ್ಟ ಸಬ್‌ಮರೀನ್ ಎಕ್ಸ್‌ಇ-3 ಅದರ ತಳಕ್ಕೇ ಸೇರಿಕೊಂಡಿತು. ಮುಳುಗುಗಾರ ಮೆಗೆನ್ನಿಸ್ ಹೊರಬರಬೇಕು, ಆದರೆ ಹ್ಯಾಚ್, ಅಂದರೆ ಹೊರಬಾಗಿಲು, ಪೂರ್ತಿ ತೆರೆಯಲಿಲ್ಲ. ಉಸಿರಾಟದ ಚೀಲದ ಗಾಳಿ ತೆಗೆದು ಸಂದಿಯಲ್ಲಿ ನುಸುಳಿದರು. ಅಯಸ್ಕಾಂತದ ಲಿಂಪೆಟ್ ಬಾಂಬು ಅಂಟಬೇಕಾದರೆ ಬರೀ ಲೋಹ ಸಿಗಬೇಕು. ಹಡಗಿನ ತಳವೆಲ್ಲ ಚಿಪ್ಪು ಕಟ್ಟಿಕೊಂಡಿತ್ತು. ಕೆರೆದು ಕೆರೆದು ಅಂಟಿಸಲು ಅರ್ಧ ಗಂಟೆ ಹಿಡಿಯಿತು. ಸೋರುವ ಆಮ್ಲಜನಕ ಗುಳ್ಳೆಗಳಾಗಿ ಮೇಲೇಳುತ್ತಿತ್ತು. ಸುಸ್ತಾಗಿ ಒಳಬಂದರೆ, ಹೊರಡುವಾಗ ಬಾಂಬಿನ ಒಂದು ಖಾಲಿ ಪೆಟ್ಟಿಗೆ ಕಳಚಿಕೊಳ್ಳಲಿಲ್ಲ. ಮತ್ತೆ ಹೊರಗಿಳಿದು ಭಾರವಾದ ಸ್ಪ್ಯಾನರ್‌ನಿಂದ ಏಳು ನಿಮಿಷದಲ್ಲಿ ಬಿಡಿಸಿದರು. ನಾವಿಕರಾದ ಅವರಿಗೂ ಎಕ್ಸ್‌ಇ-3ರ ನಾಯಕ ಲೆಫ್ಟಿನೆಂಟ್ ಫ್ರೇಸರ್‌ಗೂ ಒಂದೇ ಪದಕ. ವಿಕ್ಟೋರಿಯಾ ಕ್ರಾಸ್‌ಗೆ ಹುದ್ದೆಯ ಭೇದವಿಲ್ಲ. ಅದರ ಕೆಳಗಿನ ಪದಕಗಳಲ್ಲಿ ಅಧಿಕಾರಿಗೊಂದು, ನಾವಿಕನಿಗೊಂದು ಎಂಬ ಭೇದ 1993ರವರೆಗೂ ಇತ್ತು, ಇದು ನನಗೆ ಇಂದಿಗೂ ಬೇಸರದ ಸಂಗತಿ.

ನಮ್ಮ ಚಕ್ರಗಳಿಗೆ ಆ ಭೇದ ಮೊದಲಿನಿಂದಲೂ ಇಲ್ಲ. 1971ರ ಯುದ್ಧದಲ್ಲಿ ನೌಕಾಪಡೆಗೆ ಬಂದ ಎಂಟು ಮಹಾವೀರ ಚಕ್ರಗಳಲ್ಲಿ ಒಂದು ನಾವಿಕ, ಲೀಡಿಂಗ್ ಸೀಮನ್ ಚಿಮನ್ ಸಿಂಗ್ ಅವರದು, ಮುಳುಗುತ್ತಿದ್ದ ಸಂಗಾತಿಗಳನ್ನು ಗುಂಡಿನ ಮಳೆಯಲ್ಲಿ ಕಾಪಾಡಿ ಸೆರೆಸಿಕ್ಕಿದ್ದಕ್ಕೆ. ಉಳಿದ ಏಳೂ ಅಧಿಕಾರಿಗಳದು. ಪರಮವೀರ ಚಕ್ರ ಮಾತ್ರ ನೌಕಾಪಡೆಯ ಯಾರಿಗೂ ಇದುವರೆಗೆ ಸಿಕ್ಕಿಲ್ಲ.

ಮುಂಬೈ ಬಳಿ 2014ರ ಫೆಬ್ರವರಿ 26ರಂದು ಸಿಂಧುರತ್ನ ಸಬ್‌ಮರೀನಿನಲ್ಲಿ ಹೊಗೆ ತುಂಬಿ ಇಬ್ಬರು ಅಧಿಕಾರಿಗಳು ಪ್ರಾಣ ಬಿಟ್ಟರು. ಒಂದು ವಿಭಾಗದಲ್ಲಿ ಬೆಂಕಿ ಕಂಡರೆ ನಡುವಿನ ಬಾಗಿಲು ಮುಚ್ಚಿಬಿಡಬೇಕು, ಇಲ್ಲದಿದ್ದರೆ ಇಡೀ ಸಬ್‌ಮರೀನ್ ಹೋಗುತ್ತದೆ. ಬೆಂಕಿ ಆರಿಸುವ ಕೆಲಸ ಬಾಗಿಲಿನ ಆ ಬದಿಗೆ ಉಳಿದವರದು. ಯುದ್ಧವಿಲ್ಲದ ದಿನ ಹೀಗೆ ನಿಂತವರ ಹೆಸರು ಪದಕದ ಎರಡನೇ ಸಾಲಿಗೆ ಹೋಗುತ್ತದೆ. ಅದೇ ಬಾಗಿಲು, ಅದೇ ಹೊಗೆ ಯುದ್ಧದ ದಿನವಾಗಿದ್ದರೆ ಮೊದಲ ಸಾಲು.